ಹಾಸನದ ಒಂದು ಚಿಕ್ಕ ಕ್ಯಾಥೊಲಿಕ್ ಕಾಲೇಜು: ಮಗಳನ್ನು ಓದಿಸಿದ ತಾಯಿಯ ಅನಿಸಿಕೆ

ಪಿಯುಸಿ ರಿಸಲ್ಟ್ ಬಂದ ಕೂಡಲೇ ನನ್ನ ಅಂಗಡಿಯಲ್ಲಿ ಒಂದೇ ಮಾತು ಶುರುವಾಗುತ್ತದೆ. "ಡಿಗ್ರಿಗೆ ಎಲ್ಲಿ ಸೇರಿಸೋದು ಅಕ್ಕಾ?" ಪೆನ್ಷನ್ ಮೊಹಲ್ಲದಲ್ಲಿ ನನ್ನದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಅಳತೆ ಕೊಡಲು ನಿಂತ ತಾಯಂದಿರಿಗೆ ನನ್ನ ಮಗಳು ಓದಿದ ಕಾಲೇಜಿನ ವಿಷಯ ಬೇಕು. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವುದಕ್ಕಿಂತ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ಮಗಳು 2022ರಲ್ಲಿ ಬಿ.ಕಾಂ.ಗೆ ಸೇರಿ 2025ರಲ್ಲಿ ಮುಗಿಸಿದಳು. ಸಿಸ್ಟರ್‌ಗಳು ನಡೆಸುವ ಚಿಕ್ಕ ಕಾಲೇಜು, ಹೆಣ್ಣುಮಕ್ಕಳಿಗೆ ಮಾತ್ರ. ಬಿ.ಎ., ಬಿ.ಕಾಂ., ಬಿ.ಸಿ.ಎ. ಬಿಟ್ಟರೆ ಬೇರೆ ಕೋರ್ಸ್ ಇಲ್ಲ. ಹೆಸರು ಬೇಕೆಂದೇ ಬರೆದಿಲ್ಲ. ಮುಂದೆ ಮಕ್ಕಳ ಆರೋಗ್ಯದ ವಿಷಯ ಬರುತ್ತದೆ, ಒಂದಷ್ಟು ದೂರುಗಳೂ ಇವೆ. ಇಷ್ಟು ಚಿಕ್ಕ ಕಾಲೇಜಿನಲ್ಲಿ ಹೆಸರು ಹಾಕಿದರೆ ಯಾವ ಹುಡುಗಿ, ಯಾವ ಮಿಸ್ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಚುರುಕಾಗಿ ಓದುವ, ತಾನಾಗಿ ಮುಂದೆ ಬರುವ ಹುಡುಗಿ ಯಾವ ಕಾಲೇಜಿಗೆ ಹೋದರೂ ಓದುತ್ತಾಳೆ. ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂತು ಮೂರು ವರ್ಷ ಕಳೆದುಬಿಡುವ ಹುಡುಗಿಯರು ಇರುತ್ತಾರಲ್ಲ, ಅಂಥವರನ್ನು ಇಲ್ಲಿ ಸೇರಿಸಿ. ಇಲ್ಲಿ ಹಾಗೆ ಕೂತಿರಲು ಬಿಡುವುದಿಲ್ಲ. ನನ್ನ ಮಗಳು ಅಂಥವಳೇ ಆಗಿದ್ದಳು. ಮನೆಗೆ ನೆಂಟರು ಬಂದರೆ ರೂಮಿನಿಂದ ಹೊರಗೆ ಬರುತ್ತಿರಲಿಲ್ಲ.

ಸೇರಿದ ಹೊಸದರಲ್ಲಿ ಜ್ವರ ಬಂದು ಅವಳು ಕಾಲೇಜಿಗೆ ಹೋಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಫೋನ್ ಬಂತು. ಮೆಸೇಜ್ ಅಲ್ಲ, ಕ್ಲಾಸ್ ಟೀಚರೇ ಮಾತಾಡಿದರು. "ಯಾಕಮ್ಮ, ಹುಷಾರಿಲ್ವಾ ಅವಳಿಗೆ? ಡಾಕ್ಟ್ರಿಗೆ ತೋರಿಸಿದ್ರಾ?" ಅಂದರು. ಹಾಜರಿ ಕಡಿಮೆಯಾಗುತ್ತದೆ ಅಂತ ಹೆದರಿಸಲು ಮಾಡಿದ ಫೋನ್ ಅದಾಗಿರಲಿಲ್ಲ. ಗೇಟಿನ ವಾಚ್‌ಮನ್‌ನಿಂದ ಪ್ರಿನ್ಸಿಪಾಲ್ ಸಿಸ್ಟರ್‌ವರೆಗೆ ಎಲ್ಲರೂ ಮಕ್ಕಳನ್ನು ಹೆಸರು ಹಿಡಿದೇ ಕರೆಯುತ್ತಾರೆ. ಯಾವ ಹುಡುಗಿ ಯಾವ ಊರಿನ ಬಸ್ಸಿಗೆ ಹೋಗಬೇಕು ಅನ್ನೋದೂ ಅವರಿಗೆ ಗೊತ್ತು.

ಈಗ ಕಾಲೇಜ್ ಡೇ ವಿಷಯ. ಇದರ ಬಗ್ಗೆ ನಾನು ಜಾಸ್ತಿ ಬರೆಯಬಲ್ಲೆ, ಯಾಕಂದರೆ ಬಟ್ಟೆ ಹೊಲಿದುಕೊಟ್ಟವಳು ನಾನೇ. ಅಲ್ಲಿ ಒಂದು ನಿಯಮ ಇದೆ. ಪ್ರತಿ ಹುಡುಗಿಯೂ ಏನಾದರೊಂದು ಮಾಡಲೇಬೇಕು. ಕುಣಿಯಲು ಬಾರದಿದ್ದರೆ ಹಾಡು. ಹಾಡಲು ಆಗದಿದ್ದರೆ ಸ್ಟೇಜ್ ಅಲಂಕಾರ, ನಿರೂಪಣೆ, ಲೆಕ್ಕಪತ್ರ, ಊಟದ ಉಸ್ತುವಾರಿ, ಏನೋ ಒಂದು. ಯಾರು ಏನು ಮಾಡಿದರು ಅಂತ ಹೆಸರು ಸಮೇತ ಬೋರ್ಡಿನಲ್ಲಿ ಹಾಕುತ್ತಾರೆ. ಪರದೆ ಎಳೆದವಳ ಹೆಸರೂ ಅಲ್ಲಿರುತ್ತದೆ.

ಒಂದು ವರ್ಷ ಬಿ.ಎ. ಮಕ್ಕಳು ವೀರಗಾಸೆ ಕುಣಿಯುತ್ತೇವೆ ಅಂದರು. ನನಗೆ ಆಶ್ಚರ್ಯವಾಯಿತು. ಕ್ಯಾಥೊಲಿಕ್ ಕಾಲೇಜು, ವೀರಭದ್ರನ ಕುಣಿತ, ಒಪ್ಪುತ್ತಾರಾ ಅಂತ. ಒಪ್ಪಿದರು. ಅಷ್ಟೇ ಅಲ್ಲ, ವೇಷ ಸರಿಯಾಗಿರಬೇಕು, ಸುಮ್ನೆ ಬಣ್ಣದ ಬಟ್ಟೆ ಸುತ್ತಿಕೊಂಡು ಬರಬಾರದು ಅಂತ ಕನ್ನಡ ಮೇಡಂ ಪಟ್ಟು ಹಿಡಿದರು. ವೀರಗಾಸೆಯ ಹೆಜ್ಜೆ ಬಲು ಜೋರು. ಮಾಮೂಲಿ ಕಚ್ಚೆ ಕಟ್ಟಿದರೆ ಅಭ್ಯಾಸವಿಲ್ಲದ ಹುಡುಗಿಯರಿಗೆ ನಡುವೆಯೇ ಸಡಿಲವಾಗುತ್ತದೆ. ಅದಕ್ಕೆ ಕೆಂಪು ಬಟ್ಟೆಯಲ್ಲಿ ಒಳಗೆ ಪೈಜಾಮದ ಥರ ಹೊಲಿದು, ಮೇಲೆ ನೆರಿಗೆ ಹಿಡಿದು ಕೂರಿಸಿ, ಸೊಂಟಕ್ಕೆ ಎಲಾಸ್ಟಿಕ್ ಜೊತೆ ಎರಡು ಹುಕ್ ಹಾಕಿದೆ. ಎಷ್ಟು ಹಾರಿದರೂ ನೆರಿಗೆ ಕದಲಬಾರದು. ಸಿಸ್ಟರ್ ಒಬ್ಬರು ಅಂಗಡಿಗೇ ಬಂದು ಬಟ್ಟೆ ಮುಟ್ಟಿ ನೋಡಿ, "ಪಕ್ಕದಲ್ಲಿ ಎರಡು ಇಂಚು ಒಳಗೆ ಬಿಡಿ. ಮುಂದಿನ ವರ್ಷದ ಮಕ್ಕಳು ದಪ್ಪ ಇದ್ದರೂ ಬಿಚ್ಚಿ ಹೊಲಿಸಿಕೊಳ್ಳಬಹುದು" ಅಂದರು. ಕಾಲೇಜಿನಲ್ಲಿ ದೊಡ್ಡದೊಂದು ಟ್ರಂಕ್ ಇದೆ. ಹಳೆಯ ವೇಷಗಳೆಲ್ಲ ಒಗೆದು, ಇಸ್ತ್ರಿ ಮಾಡಿ, ಚೀಟಿ ಅಂಟಿಸಿ ಅದರಲ್ಲಿಡುತ್ತಾರೆ. ಕಾಸಿಲ್ಲ ಅಂತ ಯಾವ ಹುಡುಗಿಯೂ ಕುಣಿತದಿಂದ ಹಿಂದೆ ಸರಿಯಬಾರದು ಅನ್ನೋದು ಅವರ ಲೆಕ್ಕ. ಹೊಲಿದ ಕೂಲಿ ನನಗೆ ಅದೇ ವಾರ ಕೈಗೆ ಬಂತು, ಇದನ್ನೂ ಹೇಳಲೇಬೇಕು.

ಒಡಪು, ಅಂದರೆ ಕುಣಿತದ ನಡುವೆ ವೀರಭದ್ರನ ಕಥೆಯನ್ನು ಜೋರು ದನಿಯಲ್ಲಿ ಹೇಳುವ ಮಾತು, ಅದನ್ನು ಹೇಳಿದವಳು ಆಲೂರು ಕಡೆಯ ಹುಡುಗಿ. ಅವಳ ತಾತ ಹಿಂದೆ ವೀರಗಾಸೆ ಕುಣಿಯುತ್ತಿದ್ದವರಂತೆ. ಆ ತಾತನನ್ನು ಕಾಲೇಜಿನವರು ಕರೆಸಿ ಮುಂದಿನ ಸಾಲಿನಲ್ಲಿ, ಅತಿಥಿಗಳ ಪಕ್ಕದಲ್ಲೇ ಕೂರಿಸಿದ್ದರು. ಮೊಮ್ಮಗಳು ದಕ್ಷಯಜ್ಞದ ಕಥೆ ಎತ್ತಿಕೊಂಡ ಕೂಡಲೇ ಅವರು ಕೂತಲ್ಲೇ ತೊಡೆ ತಟ್ಟುತ್ತಾ ತಾಳ ಹಾಕಿದರು.

ನನ್ನ ಮಗಳಿಗೆ ಮೊದಲ ವರ್ಷ ಕೊಟ್ಟದ್ದು ವಂದನಾರ್ಪಣೆ. ನಾಲ್ಕು ಸಾಲು, ಅಷ್ಟೇ. ಅದಕ್ಕೆ ಅವಳು ಎರಡು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಕನ್ನಡ ಮೇಡಂ ದಿನಾ ಸಂಜೆ ಖಾಲಿ ಸಭಾಂಗಣದಲ್ಲಿ ಕೊನೆಯ ಸಾಲಿನಲ್ಲಿ ತಾವು ಕೂತು, "ನನಗೆ ಕೇಳಿಸಲಿಲ್ಲ, ಇನ್ನೊಮ್ಮೆ" ಅಂತ ಅವಳಿಂದ ಹೇಳಿಸಿದರು. ಕೊನೆಯ ವರ್ಷ ಇಡೀ ಕಾರ್ಯಕ್ರಮದ ನಿರೂಪಣೆ ಅವಳದೇ. ಬಿಷಪ್ ಬಂದಿದ್ದರು. ಹಾಸನ ಜಿಲ್ಲೆಯ ಕ್ಯಾಥೊಲಿಕ್ ಚರ್ಚುಗಳೆಲ್ಲ 1963ರಲ್ಲಿ ಆದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರುತ್ತವೆ, ಹಾಗಾಗಿ ಬಿಷಪ್ ಅಲ್ಲಿಂದ ಬರುತ್ತಾರೆ. ಅಷ್ಟು ಜನರ ಮುಂದೆ ಅವಳು ಚೀಟಿ ನೋಡದೆ ಮಾತಾಡಿದಳು. ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ. ನಾನು ಫೀಸ್ ಕಟ್ಟಿದ್ದು ಸಾರ್ಥಕ ಅನ್ನಿಸಿದ್ದು ಅವತ್ತು.

ತಾಯಂದಿರು ಅಂಗಡಿಯಲ್ಲಿ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇನ್ನೊಂದಿದೆ. "ಅಲ್ಲಿ ಅವರ ಪ್ರಾರ್ಥನೆ, ಅವರ ಪಾಠ ಮಾಡಿಸ್ತಾರಾ?" ನಾನು ನೋಡಿದ್ದು ಹೇಳುತ್ತೇನೆ. ಬೆಳಿಗ್ಗೆ ಒಂದು ಸಾಮಾನ್ಯ ಪ್ರಾರ್ಥನೆ ಇರುತ್ತದೆ. ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸ್ ಬೇರೆ. ಆ ಹೊತ್ತಿಗೆ ಉಳಿದವರಿಗೆ ನೈತಿಕ ಶಿಕ್ಷಣ. ಚಾಪೆಲ್ ತೆರೆದಿರುತ್ತದೆ, ಹೋಗುವವರು ಹೋಗುತ್ತಾರೆ, ಬಾ ಅಂತ ಯಾರೂ ಎಳೆಯುವುದಿಲ್ಲ. ಮಕ್ಕಳಲ್ಲಿ ಕ್ಯಾಥೊಲಿಕರೇ ಕಮ್ಮಿ. ಮಗಳ ಬೆಂಚಿನಲ್ಲಿ ಒಬ್ಬಳು ಒಕ್ಕಲಿಗರ ಹುಡುಗಿ, ಒಬ್ಬಳು ಮುಸ್ಲಿಂ ಹುಡುಗಿ, ಒಬ್ಬಳು ಮನೆಯಲ್ಲಿ ಕೊಂಕಣಿ ಮಾತಾಡುವ ಸಕಲೇಶಪುರದ ಹುಡುಗಿ. ನಾಲ್ವರ ಡಬ್ಬಿಯೂ ಒಟ್ಟಿಗೇ ತೆರೆಯುತ್ತಿತ್ತು.

ನಮ್ಮ ಹಾಸನಾಂಬೆ ದೇವಸ್ಥಾನ ವರ್ಷಕ್ಕೊಮ್ಮೆ ದೀಪಾವಳಿ ಆಸುಪಾಸಿನಲ್ಲಿ ಮಾತ್ರ ತೆರೆಯೋದು ನಿಮಗೆ ಗೊತ್ತು. ಆಗ ಊರಿಗೆ ಊರೇ ಜಾತ್ರೆ. ಈ ಕಾಲೇಜಿನ ಎನ್.ಎಸ್.ಎಸ್. ಮಕ್ಕಳು ಅಲ್ಲಿ ಸರದಿ ಸಾಲಿನ ಪಕ್ಕ ನಿಂತು ನೀರು ಕೊಟ್ಟರು, ವಯಸ್ಸಾದವರ ಕೈ ಹಿಡಿದು ನಡೆಸಿದರು. ಅವರನ್ನು ಕಳಿಸಿದ್ದು ಸಿಸ್ಟರೇ. ಮಧ್ಯಾಹ್ನ ಊಟ ಸಿಕ್ಕಿತಾ ಅಂತ ಒಬ್ಬ ಸಿಸ್ಟರ್ ಬಂದು ವಿಚಾರಿಸಿಕೊಂಡೂ ಹೋದರು. ಇದಕ್ಕಿಂತ ಹೆಚ್ಚಿನ ಉತ್ತರ ನನ್ನ ಹತ್ತಿರ ಇಲ್ಲ.

ಅವರ ಹಬ್ಬಗಳೂ ಮಕ್ಕಳಿಗೆ ಇಷ್ಟ. ಸೆಪ್ಟೆಂಬರ್ 8ಕ್ಕೆ ಮೇರಿ ಮಾತೆಯ ಹುಟ್ಟುಹಬ್ಬ, ಕರಾವಳಿ ಮೂಲದವರಿಗೆ ಅದು ಮೊಂತಿ ಹಬ್ಬ. ಹೊಸ ಭತ್ತದ ತೆನೆ ಬರುವ ಹೊತ್ತು. ಮಕ್ಕಳೆಲ್ಲ ಮನೆಯಿಂದ ಹೂ ತಂದು ಹಾಕುತ್ತಾರೆ. ಡಿಸೆಂಬರ್‌ನಲ್ಲಿ ಕ್ಲಾಸಿಗೊಂದು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಕಟ್ಟುವ ಸ್ಪರ್ಧೆ. ಮಗಳ ಗುಂಪಿನವರು ಅಡಿಕೆ ಹಾಳೆಯಲ್ಲಿ ಮನೆ ಮಾಡಿ, ಹಸಿರು ಹುಲ್ಲಿಗೆ ಅಂತ ಮುಂಚೆಯೇ ತಟ್ಟೆಗಳಲ್ಲಿ ಒದ್ದೆ ಮಣ್ಣು ಹರಡಿ ರಾಗಿ ಚೆಲ್ಲಿದ್ದರು. ಹೊತ್ತಿಗೆ ಸರಿಯಾಗಿ ಮೊಳಕೆ ಬೆರಳುದ್ದ ಬಂದು ಪೈರಾಗಿತ್ತು. ಬಾಲಯೇಸುವಿನ ಪಕ್ಕದಲ್ಲಿ ಹಳ್ಳಿಕಾರ್ ಎತ್ತುಗಳು. ಒಳ್ಳೇ ಚೆಂದ ಇತ್ತು. ಸಕಲೇಶಪುರದ ಹುಡುಗಿ ಕುಸ್ವಾರ್, ಅಂದರೆ ಅವರ ಕ್ರಿಸ್‌ಮಸ್ ತಿಂಡಿಗಳನ್ನು ತಂದು ಕೊಟ್ಟಳು. ಅದರಲ್ಲಿದ್ದ ನೆವ್ರಿ ನಮ್ಮ ಕರ್ಜಿಕಾಯಿಯೇ, ಎಳ್ಳಿನ ಘಮ ಸ್ವಲ್ಪ ಮುಂದೆ.

ಒಂದು ವರ್ಷ ರಕ್ತದಾನ ಶಿಬಿರ ಆಯಿತು. ಇದನ್ನು ವಿವರವಾಗಿ ಬರೆಯಬೇಕು. ರಕ್ತ ಕೊಡಲು 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ. ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಹುಡುಗಿಯರು ಉತ್ಸಾಹದಿಂದ ಸಾಲು ನಿಂತರು. ಬೆರಳು ಚುಚ್ಚಿ ನೋಡಿದರೆ ಒಬ್ಬೊಬ್ಬರಾಗಿ ವಾಪಸ್ ಬರುವವರೇ ಜಾಸ್ತಿ. ರಕ್ತವೇ ಕಮ್ಮಿ. ನನ್ನ ಮಗಳದ್ದೂ 12.5 ಮುಟ್ಟಿರಲಿಲ್ಲ. ಬೇರೆ ಕಡೆ ಆಗಿದ್ದರೆ ಕೊಟ್ಟವರ ಜೊತೆ ಒಂದು ಫೋಟೋ ತೆಗೆಸಿ, ಬ್ಯಾನರ್ ಮಡಚಿ ಮುಗಿಸುತ್ತಿದ್ದರೇನೋ. ಇಲ್ಲಿ ಪ್ರಿನ್ಸಿಪಾಲ್ ಸಿಸ್ಟರ್ ತಾಯಂದಿರ ಸಭೆ ಕರೆದರು.

ಆ ಸಭೆಯಲ್ಲಿ ಸಿಸ್ಟರ್ ಯಾರ ಮಗಳ ಹೆಸರನ್ನೂ ಎತ್ತಲಿಲ್ಲ. ನಮ್ಮನ್ನೇ ಕೇಳಿದರು. "ಬೆಳಿಗ್ಗೆ ಮಕ್ಕಳು ಏನು ತಿಂದು ಬರ್ತಾರೆ, ನಿಜ ಹೇಳಿ." ಒಬ್ಬರು, "ಬಸ್ಸಿಗೆ ಹೊತ್ತಾಗುತ್ತೆ ಸಿಸ್ಟರ್, ಟೀ ಕುಡಿದು ಓಡ್ತಾಳೆ" ಅಂದರು. ಇನ್ನೊಬ್ಬರೂ ಅದೇ. ನಾನೂ ಅದೇ. ಜೊತೆಗೆ ಬಂದಿದ್ದ ಡಾಕ್ಟರಮ್ಮ ಊಟದ ಹಿಂದೆಯೇ ಕಾಫಿ, ಟೀ ಕೊಡಬೇಡಿ, ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತೋದಿಲ್ಲ ಅಂದರು. ಸೊಪ್ಪಿನ ಜೊತೆ ನಿಂಬೆಹಣ್ಣು ಹಿಂಡಿ, ನೆಲ್ಲಿಕಾಯಿ ಕೊಡಿ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಮುಚ್ಚಿಡದೆ ತೋರಿಸಿ ಅಂತಲೂ ಹೇಳಿದರು. ಇದಾದ ಮೇಲೆ ಕ್ಯಾಂಟೀನಿನಲ್ಲಿ ಬೆಳಿಗ್ಗೆ ಮೊದಲ ಪೀರಿಯಡ್‌ಗೆ ಮುಂಚೆಯೇ ಇಡ್ಲಿ ಸಿಗುವಂತೆ ಮಾಡಿದರು. ಮಾತ್ರೆ ಬರೆಸಿಕೊಂಡವರು ನುಂಗಿದರಾ ಅಂತ ಎನ್.ಎಸ್.ಎಸ್. ಮಿಸ್ ವಿಚಾರಿಸಿಕೊಳ್ಳುತ್ತಿದ್ದರು. ಮುಂದಿನ ಶಿಬಿರದಲ್ಲಿ ನನ್ನ ಮಗಳು ರಕ್ತ ಕೊಟ್ಟು, ಕೈಗೆ ಬ್ಯಾಂಡೇಜ್ ಕಟ್ಟಿಕೊಂಡೇ ಅಂಗಡಿಗೆ ಬಂದಳು. ಎಂಥ ಖುಷಿ ಅವಳ ಮುಖದಲ್ಲಿ!

ಇನ್ನೊಂದು ಕೆಲಸ ನನ್ನ ಮಟ್ಟಿಗೆ ಈ ಕಾಲೇಜಿನ ದೊಡ್ಡ ಸಾಧನೆ. ಶೆಟ್ಟಿಹಳ್ಳಿ ಚರ್ಚ್ ನೀವು ನೋಡಿರಬಹುದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಹಾಕಿದ ಅಣೆಕಟ್ಟು 1979ರಲ್ಲಿ ಮುಗಿಯಿತು, ಹಿನ್ನೀರಿನಲ್ಲಿ ಸುತ್ತಲಿನ ಹಳ್ಳಿಗಳು ಹೋದವು. ಮಳೆಗಾಲದಲ್ಲಿ ಚರ್ಚು ಅರ್ಧ ನೀರಿನಲ್ಲಿ ನಿಂತಿರುತ್ತದೆ, ಬೇಸಿಗೆಯಲ್ಲಿ ಒಣ ನೆಲದಲ್ಲಿ ಒಳಗೇ ನಡೆದುಹೋಗಬಹುದು. ಈಗ ಎಲ್ಲರೂ ಫೋಟೋ ತೆಗೆಯಲು, ಮದುವೆ ಶೂಟಿಂಗ್ ಮಾಡಲು ಹೋಗುತ್ತಾರೆ. ಈ ಮಕ್ಕಳನ್ನೂ ಹಿಸ್ಟರಿ ಮಿಸ್ ಕರೆದುಕೊಂಡು ಹೋದರು. ಫೋಟೋ ತೆಗೆದು ಮುಗಿದ ಮೇಲೆ ಮಿಸ್ ಒಂದು ಪ್ರಶ್ನೆ ಹಾಕಿದರು. ಇಲ್ಲಿದ್ದ ಜನ ಈಗ ಎಲ್ಲಿದ್ದಾರೆ?

ಹುಡುಕಿಕೊಂಡು ಹೋದರು ಮಕ್ಕಳು. ಮುಳುಗಡೆಯಿಂದ ಎದ್ದು ಬಂದ ಮನೆತನಗಳ ಅಜ್ಜ ಅಜ್ಜಿಯರನ್ನು ಕಂಡು ಮಾತಾಡಿಸಿದರು. ಕ್ರೈಸ್ತರು ಅಂತಲ್ಲ, ಎಲ್ಲ ಜಾತಿಯವರನ್ನೂ. ಬಿ.ಕಾಂ. ಆದರೂ ನನ್ನ ಮಗಳು ಆ ಗುಂಪಿಗೆ ಸೇರಿಕೊಂಡಳು. ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿಕೊಂಡು ಬಂದು, ರಾತ್ರಿ ಕೂತು ಕೇಳಿ ಕೇಳಿ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದಳು. ಮಷಿನ್ ತುಳಿಯುತ್ತಾ ನಾನೂ ಕೇಳಿಸಿಕೊಂಡೆ. "ಬರುವಾಗ ಏನು ತಂದ್ರಿ ಅಜ್ಜಿ?" ಅಂದರೆ ಒಬ್ಬ ಅಜ್ಜಿ ಹೇಳುತ್ತಾರೆ: "ಬಾಗ್ಲು ತಂದ್ವಿ, ಕಿಟ್ಕಿ ತಂದ್ವಿ, ಹೆಂಚು ಇಳಿಸ್ಕೊಂಡು ಗಾಡಿಗೆ ಹಾಕುದ್ವಿ. ಬೀಸೋ ಕಲ್ಲು ಮಾತ್ರ ಭಾರ ಅಂತ ಬಿಟ್ಟು ಬಂದೆ ಕಣವ್ವ. ನಮ್ಮತ್ತೆ ಕೊಟ್ಟಿದ್ದು. ಈಗ್ಲೂ ಅದು ನೆನುಸ್ಕೊಂಡ್ರೆ ಹೊಟ್ಟೆ ಉರೀತದೆ." ಇಂಥವನ್ನೆಲ್ಲ ಅವರು ಆಡಿದ ಹಾಗೆಯೇ, ಒಂದಕ್ಷರ ತಿದ್ದದೆ ಬರೆದಿದ್ದಾರೆ. ಕಾಲೇಜಿನ ವರಾಂಡದಲ್ಲಿ ಚಾರ್ಟ್ ಮಾಡಿ ತೂಗುಹಾಕಿದ ದಿನ ಆ ಅಜ್ಜ ಅಜ್ಜಿಯರನ್ನೂ ಕರೆಸಿದ್ದರು. ಓದಲು ಬಾರದವರಿಗೆ ಮಕ್ಕಳೇ ಪಕ್ಕದಲ್ಲಿ ನಿಂತು ಓದಿ ಹೇಳಿದರು.

ಆದರೆ ಇಷ್ಟು ಒಳ್ಳೇ ಕೆಲಸ ಸ್ಪೈರಲ್ ಬೈಂಡ್ ಮಾಡಿದ ಒಂದೇ ಪ್ರತಿಯಾಗಿ ಲೈಬ್ರರಿಯ ಬೀರುವಿನಲ್ಲಿದೆ. ಕಾಲೇಜಿನವರು ಅದನ್ನು ಪುಸ್ತಕ ಮಾಡಲೇಬೇಕು. ಆ ತಲೆಮಾರಿನವರಲ್ಲಿ ಇನ್ನು ಉಳಿದಿರುವವರು ಎಷ್ಟು ಜನ?

ಪಾಠದ ವಿಷಯ ಬೇಗ ಹೇಳಿಬಿಡುತ್ತೇನೆ. ಕಾಮರ್ಸ್ ಚೆನ್ನಾಗಿ ಮಾಡುತ್ತಾರೆ. ಫುಡ್ ಫೆಸ್ಟ್ ಮಾಡಿದಾಗ ಲೆಕ್ಕ ಪೂರ್ತಿ ಬಿ.ಕಾಂ. ಮಕ್ಕಳದ್ದು, ಕೊತ್ತಂಬರಿ ಕಟ್ಟಿಗೂ ಚೀಟಿ ಇಲ್ಲದೆ ಸರ್ ಕ್ಯಾಶ್ ಬುಕ್ಕಿಗೆ ಸೈನ್ ಹಾಕುತ್ತಿರಲಿಲ್ಲ. ಈಗ ನನ್ನ ಅಂಗಡಿಯ ಲೆಕ್ಕ ಮಗಳೇ ಬರೆಯುವುದು. ಅವಳ ಬ್ಯಾಚ್ ಎನ್.ಇ.ಪಿ.ಯದ್ದು, ಅಂದರೆ ಕೇಂದ್ರದ ರಾಷ್ಟ್ರೀಯ ಶಿಕ್ಷಣ ನೀತಿಯದ್ದು, 2024-25ರಿಂದ ಸೇರಿದವರಿಗೆ ರಾಜ್ಯದ ಹೊಸ ಪಠ್ಯಕ್ರಮ. ಹೀಗೆ ಬದಲಾದಾಗಲೆಲ್ಲ ತಂದೆತಾಯಿಯರನ್ನು ಕೂರಿಸಿ ಅರ್ಥವಾಗುವ ಹಾಗೆ ಹೇಳಿದರು. ಡಿಗ್ರಿ ಕಾಲೇಜುಗಳ ಸರ್ಕಾರಿ ಯು.ಯು.ಸಿ.ಎಂ.ಎಸ್. ಪೋರ್ಟಲ್‌ನಲ್ಲಿ ಅರ್ಜಿ, ಸ್ಕಾಲರ್‌ಶಿಪ್‌ಗೆ ರಾಜ್ಯದ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ಅರ್ಜಿ, ಎಲ್ಲಕ್ಕೂ ಆಫೀಸಿನವರೇ ಪಕ್ಕದಲ್ಲಿ ಕೂತು ತುಂಬಿಸುತ್ತಾರೆ. ಸೈಬರ್ ಅಂಗಡಿಗೆ ಅಲೆಯಬೇಕಿಲ್ಲ. ಫೀಸ್ ಕಂತಿನಲ್ಲಿ ಕಟ್ಟಬಹುದು, ಕೇಳಬೇಕು ಅಷ್ಟೇ.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಲೈಬ್ರರಿ ನಾಲ್ಕು ಗಂಟೆಗೇ ಮುಚ್ಚುತ್ತದೆ. ಕ್ಲಾಸ್ ಬಿಟ್ಟ ಮೇಲೆ ಬಸ್ಸಿಗೆ ಕಾಯುವ ಮಕ್ಕಳು ಒಂದೂವರೆ ಗಂಟೆ ಅಲ್ಲೇ ಕೂತು ಓದಬಹುದಿತ್ತಲ್ವಾ? ಕಂಪ್ಯೂಟರ್ ಲ್ಯಾಬ್‌ನಲ್ಲಿ ಬಿ.ಸಿ.ಎ.ಯವರಿಗೇ ಜಾಗ ಸಾಲದು, ಬಿ.ಕಾಂ.ನವರಿಗೆ ಟ್ಯಾಲಿ ಕಲಿಯಲು ಸಿಗುವ ಹೊತ್ತು ತೀರಾ ಕಮ್ಮಿ. ನನ್ನ ಮಗಳು ಹೊರಗೆ ದುಡ್ಡು ಕೊಟ್ಟು ಕಲಿತಳು. ಆಟದ ಮೈದಾನ ಚಿಕ್ಕದು. ಥ್ರೋಬಾಲ್ ಆಡಬಹುದು, ಓಟದವರು ಬೇರೆ ಮೈದಾನಕ್ಕೇ ಹೋಗಬೇಕು. ಕ್ಯಾಂಪಸ್ಸಿಗೆ ಬಂದು ಕೆಲಸ ಕೊಡುವ ಕಂಪನಿಗಳು ಬೆರಳೆಣಿಕೆ. ಬೆಂಗಳೂರಿನ ದೊಡ್ಡ ಕಾಲೇಜುಗಳಂತೆ ಇಲ್ಲಿಂದಲೇ ಕೆಲಸ ಹಿಡಿದು ಹೊರಬೀಳುವ ಆಸೆ ಇದ್ದರೆ ನಿರಾಸೆಯಾಗುತ್ತದೆ. ಎಂ.ಕಾಂ. ಕೂಡ ಇಲ್ಲ.

ಮೊದಲ ವರ್ಷ ಕಾಲೇಜ್ ಡೇ ಮುಗಿದಾಗ ಕತ್ತಲಾಗಿತ್ತು. ಅರಕಲಗೂಡು, ಗೊರೂರು ಕಡೆಯ ಮಕ್ಕಳು ಬಸ್ ಸ್ಟ್ಯಾಂಡಿನಲ್ಲಿ ಪರದಾಡಿದರು. ಪೋಷಕರ ಸಭೆಯಲ್ಲಿ ನಾನು ಎದ್ದು ನಿಂತು ಹೇಳಿದೆ. ಇನ್ನೂ ಕೆಲವರು ದನಿಗೂಡಿಸಿದರು. ಮುಂದಿನ ವರ್ಷದಿಂದ ಕಾರ್ಯಕ್ರಮ ಬೆಳಿಗ್ಗೆಯೇ ಶುರು, ಹೊತ್ತು ಮುಳುಗುವ ಮುಂಚೆ ಮುಕ್ತಾಯ. ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ, ಇದು ನಿಜ. ಲೈಬ್ರರಿ ವಿಷಯವನ್ನೂ ಹೇಳಿದ್ದೇವೆ. ಅದು ಇನ್ನೂ ಆಗಿಲ್ಲ.

2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ದೂರದ ಹಳ್ಳಿಗಳಿಂದ ದಿನಾ ಓಡಾಡುವ ಹುಡುಗಿಯರು ಜಾಸ್ತಿಯಾಗಿದ್ದಾರೆ. ಬಸ್ ಚಾರ್ಜಿಲ್ಲ, ಆದರೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮೊದಲ ಪೀರಿಯಡ್ ಹತ್ತು ನಿಮಿಷ ತಡವಾಗಿ ಶುರು ಮಾಡಿದರೆ ಇಂಥ ಮಕ್ಕಳು ಉಪವಾಸ ಓಡಿ ಬರುವುದು ತಪ್ಪುತ್ತದೆ. ಇದನ್ನು ಸಿಸ್ಟರ್ ಓದಿದರೆ ದಯವಿಟ್ಟು ಯೋಚನೆ ಮಾಡಲಿ.

ಈ ವರ್ಷ ಸೇರಿಸುವವರು ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಮಗಳ ಸರ್ಟಿಫಿಕೇಟ್ ಮೈಸೂರು ವಿಶ್ವವಿದ್ಯಾಲಯದ್ದು. 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಶುರುವಾಗಿದೆ. ನಿಮ್ಮ ಮಗಳ ಡಿಗ್ರಿ ಯಾವುದರ ಹೆಸರಿನಲ್ಲಿ ಬರುತ್ತದೆ ಅಂತ ಅಡ್ಮಿಷನ್ ದಿನವೇ ಆಫೀಸಿನಲ್ಲಿ ಕೇಳಿ. ಹೋಗುವಾಗ ಅಪ್ಪ ಅಮ್ಮ ಮಾತ್ರ ಹೋಗಬೇಡಿ, ಹುಡುಗಿಯನ್ನೂ ಕರೆದುಕೊಂಡು ಹೋಗಿ. ಸಿಸ್ಟರ್ ಮೊದಲು ಅವಳನ್ನೇ ಮಾತಾಡಿಸುತ್ತಾರೆ. ಅವಳು ಉತ್ತರ ಕೊಡಲು ಹೊತ್ತು ತೆಗೆದುಕೊಂಡರೆ ನೀವು ನಡುವೆ ಬಾಯಿ ಹಾಕಬೇಡಿ, ಅವರು ಕಾಯುತ್ತಾರೆ.